ರಾತ್ರಿ ಪಾಳಿಯವರ ಹಗಲು ನಿದ್ದೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಎಷ್ಟೋ ಮನೆಗಳ ದಿನಚರಿಯೇ ಬುಡಮೇಲು, ಅಲ್ಲವೇ? ಸಕ್ಕರೆ ಕಾರ್ಖಾನೆ ಹಗಲೂ ರಾತ್ರಿ ನಡೆಯಬೇಕು. ನಿಮ್ಮ ಯಜಮಾನರು ಪಾಳಿ ಮುಗಿಸಿ ಬರುವಾಗ ನೀವು ಮಕ್ಕಳ ಡಬ್ಬಿಗೆ ರೊಟ್ಟಿ ಬಡಿಯುತ್ತಿರುತ್ತೀರಿ.

"ಹಗಲೆಲ್ಲ ಮಲಗೇ ಇರ್ತಾನ" ಎಂದು ಅತ್ತೆಯವರು ಗೊಣಗಿದರೆ ಸಿಟ್ಟಾಗಬೇಡಿ, ತಿಳಿಸಿ ಹೇಳಿ. ಬಾಯ್ಲರಿನ ನೀರಿನ ಮಟ್ಟ ನೋಡುವವರು ಅರೆಗಳಿಗೆ ತೂಕಡಿಸಿದರೂ ಅಪಾಯ ಹಲವರಿಗೆ.

ದಾಭೋಳದಿಂದ ಬೆಂಗಳೂರಿಗೆ ಹೋಗುವ ಗ್ಯಾಸ್ ಕೊಳವೆ 2013ರಲ್ಲಿ ನಮ್ಮ ಬೆಳಗಾವಿ ಜಿಲ್ಲೆ ಹಾಯ್ದೇ ಆರಂಭವಾಯಿತು. ಇಂಥ ಕೊಳವೆಗಳ ಒತ್ತಡವನ್ನು ನಿಯಂತ್ರಣ ಕೊಠಡಿಯಲ್ಲಿ ಕುಳಿತವರು ರಾತ್ರಿಯಿಡೀ ಪರದೆಯ ಮೇಲೆ ಕಾಯುತ್ತಾರೆ. ಅಮೆರಿಕದಲ್ಲಿ ಇವರಿಗಾಗಿ 2009ರಲ್ಲೇ ನಿಯಮ ಬಂತು: ಪಾಳಿಗಳ ನಡುವೆ ಸತತ 8 ಗಂಟೆ ನಿದ್ದೆಗೆ ಸಾಲುವಷ್ಟು ಬಿಡುವು, ದುಡಿಮೆಯ ಗಂಟೆಗಳಿಗೆ ಮಿತಿ, ಒಬ್ಬರ ಮೇಲೆ ಬೀಳುವ ಕೆಲಸದ ಹೊರೆಯ ವಾರ್ಷಿಕ ಪರಿಶೀಲನೆ.

ನಿಯಮ ಬಿಡುವು ಕೊಟ್ಟೀತು. ಅದನ್ನು ನಿದ್ದೆ ಮಾಡುವುದು ಮನೆ. ಹೀಗೆ ಮಾಡಿ ನೋಡಿ:

• ಪಾಳಿಯಿಂದ ಬಂದೊಡನೆ ಚಹಾ ಬೇಡ. ಹಗುರ ಊಟ ಸಾಕು.
• ಮಲಗುವ ಕೋಣೆಯ ಕಿಟಕಿಗೆ ದಪ್ಪ ಚಾದರ ಕಟ್ಟಿ.
• ಮಿಕ್ಸರ್, ಕುಕ್ಕರಿನ ಸೀಟಿ, ಅವರು ಎದ್ದ ಮೇಲೆ.
• ಮನೆಗೆ ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸಿ.

ಡಬಲ್ ಪಾಳಿಯ ದುಡ್ಡನ್ನು ಸಂಸಾರದ ಲೆಕ್ಕಕ್ಕೆ ಹಿಡಿಯಬೇಡಿ. "ಇನ್ನೊಂದು ಪಾಳಿ ಮಾಡಿ ಬರ್ತೀನಿ" ಅಂದಾಗ "ಬ್ಯಾಡ್ರಿ, ಬಂದು ಮಲಗ್ರಿ" ಅನ್ನುವ ಧೈರ್ಯ ಮಾಡಿ.

ಅಂದಹಾಗೆ, ರಾತ್ರಿ ಅವರನ್ನು ಕಳಿಸಿ, ನಸುಕಿಗೇ ಏಳುವ ನಿಮ್ಮ ನಿದ್ದೆ? ಮಧ್ಯಾಹ್ನ ಒಂದು ತಾಸು ನೀವೂ ಮಲಗಿ. ಪಾತ್ರೆ ಕಾಯುತ್ತವೆ.