ಬೈಗುಳವಾದ ಕಾಯಿದೆ

ತಡರಾತ್ರಿ ಮನೆಗೆ ಬಂದ ಮಗನನ್ನು ಅಪ್ಪ ತರಾಟೆಗೆ ತೆಗೆದುಕೊಂಡರೆ ನಮ್ಮಲ್ಲಿ ‘ಚೆನ್ನಾಗಿ ಮಂಗಳಾರತಿ ಆಯಿತು’ ಎನ್ನುತ್ತಾರೆ. ಇಂಗ್ಲಿಷರು ಅಪ್ಪ ಮಗನಿಗೆ ‘ರಯಟ್ ಆ್ಯಕ್ಟ್’ ಓದಿದ ಎನ್ನುತ್ತಾರೆ. ಬೈಗುಳವನ್ನು ಯಾರಾದರೂ ಓದುವುದುಂಟೆ? ಒಂದು ಕಾಲಕ್ಕೆ ಓದಲೇಬೇಕಿತ್ತು. ಅದೂ ಗಟ್ಟಿ ದನಿಯಲ್ಲಿ, ಬೀದಿಯಲ್ಲಿ ನಿಂತು.

1714ರಲ್ಲಿ ಜರ್ಮನಿಯ ಹ್ಯಾನೋವರ್‌ನಿಂದ ಬಂದ ಒಂದನೆಯ ಜಾರ್ಜ್ ಬ್ರಿಟನ್ನಿನ ಪಟ್ಟವೇರಿದ. ಈ ಪರದೇಶಿ ದೊರೆ ಹಲವರಿಗೆ ರುಚಿಸಲಿಲ್ಲ. ದೊಂಬಿಗಳೆದ್ದವು. ಆಂಗ್ಲಿಕನ್ ಚರ್ಚಿಗೆ ಸೇರದ ಪಂಥಗಳವರ ಪ್ರಾರ್ಥನಾ ಮಂದಿರಗಳನ್ನು ಗುಂಪುಗಳು ಕೆಡವಿದವು. ಇದಕ್ಕೆ ಮದ್ದಾಗಿ ಸಂಸತ್ತು ತಂದ ದೊಂಬಿ ಕಾಯಿದೆ, ಅಂದರೆ ‘ರಯಟ್ ಆ್ಯಕ್ಟ್’, 1715ರ ಆಗಸ್ಟ್ 1ರಿಂದ ಜಾರಿಗೆ ಬಂತು.

12 ಅಥವಾ ಹೆಚ್ಚು ಜನ ಗಲಭೆಗೆ ಕೂಡಿದರೆ ಮ್ಯಾಜಿಸ್ಟ್ರೇಟ್ ಅವರ ಸಮೀಪಕ್ಕೆ ಹೋಗಬೇಕು. ಸದ್ದಡಗಿಸಲು ಆಜ್ಞಾಪಿಸಿ, ಎಲ್ಲರೂ ಚದುರಿ ಮನೆಗೆ ತೆರಳಬೇಕೆಂಬ ದೊರೆಯ ಘೋಷಣೆಯನ್ನು ಓದಬೇಕು. ನಂತರ ಒಂದು ತಾಸು ಗಡುವು. ಅದು ಮುಗಿದ ಮೇಲೂ ನಿಂತವರಿಗೆ ಮರಣದಂಡನೆ. ಗುಂಪು ಚದುರಿಸುವಾಗ ಯಾರಾದರೂ ಸತ್ತರೆ ಅಧಿಕಾರಿಗಳ ಮೇಲೆ ಹೊಣೆಯಿಲ್ಲ. ಮರಣದಂಡನೆ 1837ರಲ್ಲಿ ಹೋಗಿ, ಅದರ ಜಾಗಕ್ಕೆ ಆಜೀವ ಗಡೀಪಾರು ಬಂತು.

ಇಷ್ಟು ಕಠೋರ ಕಾಯಿದೆಯಾದ್ದರಿಂದ ನ್ಯಾಯಾಲಯಗಳು ಅದರ ಒಂದೊಂದು ಪದವನ್ನೂ ಎಣಿಸಿದವು. ಘೋಷಣೆಯ ಕೊನೆಗೆ ‘ದೇವರು ದೊರೆಯನ್ನು ಕಾಪಾಡಲಿ’ ಎಂಬ ಮಾತಿತ್ತು. 1830ರ ಮೊಕದ್ದಮೆಯೊಂದರಲ್ಲಿ ಮ್ಯಾಜಿಸ್ಟ್ರೇಟ್ ಅದನ್ನು ಹೇಳದೆ ಬಿಟ್ಟಿದ್ದರೆಂಬ ಕಾರಣಕ್ಕೆ ಓದಿದ್ದೇ ಅಸಿಂಧುವೆಂದು ತೀರ್ಪಾಯಿತು. ದೊರೆಯ ಕ್ಷೇಮ ಕೋರಲು ಮರೆತದ್ದು ಆರೋಪಿಗಳಿಗೆ ಕ್ಷೇಮವಾಯಿತು!

ಆದರೆ ಓದಿದ್ದು ಕೇಳಿಸದಿದ್ದರೆ? 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಮಂದಿ ಸೇರಿದ್ದರು. ಅಷ್ಟು ದೊಡ್ಡ ಊರಿಗೆ ಸಂಸತ್ತಿನಲ್ಲಿ ಸ್ವಂತ ಪ್ರತಿನಿಧಿಯೇ ಇರಲಿಲ್ಲ. ಮತದ ಹಕ್ಕು ಕೇಳಲು ಹೆಂಗಸರು, ಮಕ್ಕಳೊಡನೆ ಬಂದಿದ್ದರು. ಪಕ್ಕದ ಮನೆಯ ಕಿಟಕಿಯಿಂದ ಕಾಯಿದೆ ಓದಲಾಯಿತೆಂದು ಮ್ಯಾಜಿಸ್ಟ್ರೇಟರು ಆಮೇಲೆ ಹೇಳಿದರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಕಿಟಕಿಯೊಂದರಿಂದ, 60,000 ಜನರಿಗೆ! ಕೇಳಿಸಲೇ ಇಲ್ಲವೆಂದು ನೆರೆದಿದ್ದ ಬಹಳ ಮಂದಿ ಹೇಳಿದರು. ಅವರಿಗೆ ಕಂಡದ್ದು ಕತ್ತಿ ಹಿರಿದು ನುಗ್ಗಿದ ಕುದುರೆ ಸವಾರರು. ಕನಿಷ್ಠ 15 ಜನ ಸತ್ತರು, ನೂರಾರು ಮಂದಿ ಗಾಯಗೊಂಡರು. ಇತಿಹಾಸ ಇದನ್ನು ‘ಪೀಟರ್‌ಲೂ ಹತ್ಯಾಕಾಂಡ’ ಎನ್ನುತ್ತದೆ.

ನೂರು ವರ್ಷದ ಬಳಿಕ, 1919ರ ಜನವರಿ 31ರಂದು, ಗ್ಲಾಸ್ಗೋ ನಗರದಲ್ಲಿ ವಾರಕ್ಕೆ 40 ತಾಸಿನ ದುಡಿಮೆ ಕೇಳಿ ಮುಷ್ಕರ ಹೂಡಿದ್ದ ಕಾರ್ಮಿಕರೆದುರು ಶೆರೀಫ್ ಕಾಯಿದೆ ಓದಲು ನಿಂತ. ಗುಂಪಿನವರು ಕಾಗದವನ್ನೇ ಅವನ ಕೈಯಿಂದ ಕಿತ್ತುಕೊಂಡರು.

ಅದೇ ವರ್ಷದ ಏಪ್ರಿಲ್ 13ರಂದು, ಅದೇ ಸಾಮ್ರಾಜ್ಯದ ಇನ್ನೊಂದು ಮೂಲೆಯಾದ ಅಮೃತಸರದಲ್ಲಿ, ಸಭೆ ಸೇರಕೂಡದೆಂದು ಬೆಳಿಗ್ಗೆ ಡಂಗುರ ಸಾರಲಾಗಿತ್ತು. ಅದು ಊರಿನ ಎಲ್ಲ ಕಡೆಗೂ ತಲುಪಲಿಲ್ಲ. ಸಂಜೆ ಜಲಿಯನ್‌ವಾಲಾ ಬಾಗ್‌ನಲ್ಲಿ ಸೇರಿದ್ದ ಜನರಿಗೆ ಚದುರಿರೆಂದು ಒಂದು ಮಾತೂ ಹೇಳದೆ ಜನರಲ್ ಡೈಯರ್ ಗುಂಡು ಹಾರಿಸಿದ. 1,650 ಸುತ್ತು. ಸರ್ಕಾರಿ ಲೆಕ್ಕದಲ್ಲೇ 379 ಸಾವು. ಮುನ್ನೆಚ್ಚರಿಕೆ ಕೊಡದಿದ್ದುದನ್ನು ಹಂಟರ್ ಸಮಿತಿ ಆಕ್ಷೇಪಿಸಿತು. ಗ್ಲಾಸ್ಗೋ ಜನರಿಗೆ ಕಿತ್ತುಕೊಳ್ಳಲು ಒಂದು ಕಾಗದವಾದರೂ ಇತ್ತು.

ಕಾಯಿದೆ ಬ್ರಿಟನ್ನಿನ ಶಾಸನ ಪುಸ್ತಕದಿಂದ ಅಧಿಕೃತವಾಗಿ ಅಳಿದದ್ದು 1973ರಲ್ಲಿ. ಅಷ್ಟರೊಳಗೆ ಅದು ಮನೆ, ಶಾಲೆ, ಕಚೇರಿಗಳ ಮಾತಾಗಿ ಬಹಳ ಕಾಲವಾಗಿತ್ತು. ಅಲ್ಲಿ ಓದುವವರು ಒಂದು ತಾಸಿನ ಗಡುವನ್ನೇನೂ ಕೊಡುವುದಿಲ್ಲ.