ಮೀನಿನ ತೊಟ್ಟಿ ಉಕ್ಕದಿರಲಿ, ರಾತ್ರಿಯ ನಿದ್ದೆ ಕೆಡದಿರಲಿ

ಸೋದರಿಯರೇ, ಒಲೆಯ ಮೇಲಿನ ಹಾಲು ಉಕ್ಕಲು ನಾವು ಕಣ್ಣು ತಪ್ಪಿಸಿದ ಒಂದು ಗಳಿಗೆ ಸಾಕು. ಹೋದರೆ ಹೋಗುವುದು ಒಂದು ಲೋಟ ಹಾಲು. ಅದೇ ನಡುಮನೆಯಲ್ಲಿರುವ ಮೀನಿನ ತೊಟ್ಟಿ ಉಕ್ಕಿದರೆ? ಬಿಂದಿಗೆಗಟ್ಟಲೆ ನೀರು ನೆಲದ ಪಾಲು! ಚಾಪೆ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲಾ ತೊಪ್ಪೆ. ಗೋಡೆಯ ಸ್ವಿಚ್ಚಿಗೆ ನೀರು ತಾಗಿತೋ, ಜೀವಕ್ಕೇ ಅಪಾಯ. ಆಮೇಲೆ ನೆಲ ಒರೆಸುವ ಕೆಲಸ ಯಾರ ಪಾಲಿಗೆ ಬರುತ್ತದೆಂದು ಬೇರೆ ಹೇಳಬೇಕೇ?

ತೊಟ್ಟಿ ಬೇಕೆಂದು ಹಟ ಹಿಡಿದವನು ಮಗನಿರಬಹುದು, ಕೊಂಡು ತಂದವರು ಯಜಮಾನರಿರಬಹುದು. ಆದರೆ ದಿನವಿಡೀ ಅದರ ಜೊತೆ ಮನೆಯಲ್ಲಿರುವವರು ನೀವು. ಆದ್ದರಿಂದ ಅದರ ಕೊಳವೆಗಳ ಗುಟ್ಟು ನಿಮಗೆ ತಿಳಿದಿರಲೇಬೇಕು. ಅಡುಗೆಮನೆ ನಡೆಸುವವರಿಗೆ ಇದೇನೂ ಬ್ರಹ್ಮವಿದ್ಯೆಯಲ್ಲ.

ಮೇಲೊಂದು ತೊಟ್ಟಿ, ಕೆಳಗೊಂದು ಸಂಪು

ಸಂಪು ಎಂದೊಡನೆ ಅಂಗಳದ ನೆಲದಡಿಯ ನೀರಿನ ತೊಟ್ಟಿ ನಿಮಗೆ ನೆನಪಾದೀತು. ಇದೂ ಹಾಗೆಯೇ. ಮೀನಿನ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಗಾಜಿನ ತೊಟ್ಟಿ. ಅದರಲ್ಲಿ ಸ್ಪಂಜು, ಶೋಧಕ ಮತ್ತು ಒಂದು ಪಂಪು. ಪಂಪು ಶುದ್ಧವಾದ ನೀರನ್ನು ಮೇಲಕ್ಕೆ ತಳ್ಳುತ್ತದೆ. ಮೇಲೆ ಹೆಚ್ಚಾದ ನೀರು ಬಾಚಣಿಗೆಯಂಥ ಹಲ್ಲುಗಳ ಮೂಲಕ ಮೂಲೆಯ ಪೆಟ್ಟಿಗೆಗೆ ಬಿದ್ದು, ಕೊಳವೆಯಲ್ಲಿ ಕೆಳಗಿಳಿಯುತ್ತದೆ. ಹಾಲಿನ ಕೆನೆ ತೆಗೆದಂತೆ ನೀರಿನ ಮೇಲಿನ ಜಿಡ್ಡೂ ಹೋಗುತ್ತದೆ, ನೀರಿಗೆ ಗಾಳಿಯೂ ಸೇರುತ್ತದೆ.

ಇಲ್ಲೊಂದು ಸ್ವಾರಸ್ಯ. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಟಾರ್ಕೀ ಕಡಲತೀರದಿಂದ ಹವಳದ ಜೀವಿಗಳನ್ನು ಲಂಡನ್ನಿನ ತಮ್ಮ ಮನೆಗೆ ತಂದು ಸಾಕಿದರು. ನೀರಿಗೆ ಗಾಳಿ ಸೇರಲೆಂದು ಮನೆಗೆಲಸದಾಕೆ ದಿನವೂ ತೆರೆದ ಕಿಟಕಿಯ ಮುಂದೆ ನಿಂತು, ನಾವು ಬಿಸಿ ಹಾಲು ಆರಿಸುವಂತೆ, ಪಾತ್ರೆಯಿಂದ ಪಾತ್ರೆಗೆ ನೀರು ಸುರಿಯಬೇಕಾಗಿತ್ತು. ಆ ತಾಯಿಯ ರಟ್ಟೆಯ ದುಡಿಮೆಯನ್ನೇ ಇಂದು ಪಂಪು ಮತ್ತು ಕೊಳವೆ ಮಾಡುತ್ತಿವೆ.

ಗುಳುಗುಳು ಸದ್ದು ಏಕೆ?

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿ ನೋಡಿ. ಗುಳುಕ್ ಗುಳುಕ್ ಎಂದು ಎಣ್ಣೆ ತಡೆತಡೆದು ಬೀಳುತ್ತದೆ. ಎದುರಿಗೆ ಇನ್ನೊಂದು ತೂತು ಮಾಡಿದಿರೋ, ಗಾಳಿಗೆ ಬೇರೆ ದಾರಿ ಸಿಕ್ಕಿ ಧಾರೆ ನೇರವಾಗುತ್ತದೆ. ತೊಟ್ಟಿಯ ಕೊಳವೆಯಲ್ಲೂ ನೀರು, ಗಾಳಿ ಎರಡೂ ಜಗಳವಾಡಿಕೊಂಡು ಇಳಿಯುವುದರಿಂದಲೇ ಆ ಸದ್ದು.

ಪರಿಹಾರ ಎರಡು ಬಗೆ. ಒಂದು, ಗಾಳಿಗೆ ದಾರಿ ಕೊಡುವುದು. ಅಮೆರಿಕದ ಹವ್ಯಾಸಿಯೊಬ್ಬರ ಹೆಸರಿನಿಂದ ‘ಡರ್ಸೋ’ ಎಂದು ಕರೆಯುವ ಪದ್ಧತಿ ಇದು. ಕೊಳವೆಯ ತುದಿಗೆ ಟೀ ಹಾಕಿ, ನೀರು ಸೇರುವ ಬಾಯಿಯನ್ನು ಕೆಳಮುಖ ಮಾಡಿ, ಮೇಲಿನ ಮುಚ್ಚಳಕ್ಕೆ ಸಣ್ಣ ತೂತು ಬಿಡುತ್ತಾರೆ. ಸದ್ದು ಬಹಳಷ್ಟು ಇಳಿಯುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಇನ್ನೊಂದು, ಗಾಳಿಯನ್ನೇ ಒಳಗೆ ಬಿಡದಿರುವುದು. ಲಾಳಿಕೆ ಸದಾ ತುಂಬಿರುವಂತೆ ನೀರು ಹೊಯ್ದರೆ ಸದ್ದಿಲ್ಲ. ನೀರು ಕಡಿಮೆಯಾಗಿ ಸುಳಿ ಎದ್ದಾಗಲೇ ಗೊರಗೊರ. ಕೊಳವೆಯೂ ತುಂಬಿ ಹರಿದರೆ ಮೌನ.

ಎರಡು ಕೊಳವೆಯ ಜಾಣತನ

ಹವ್ಯಾಸಿಗಳು ‘ಹರ್ಬಿ’ ಎನ್ನುವ ಈ ಪದ್ಧತಿಯಲ್ಲಿ ಪೆಟ್ಟಿಗೆಯೊಳಗೆ ಎರಡು ಕೊಳವೆಗಳು. ಮೊದಲನೆಯದರ ಬಾಯಿ ಯಾವಾಗಲೂ ನೀರಿನಲ್ಲಿ ಮುಳುಗಿರುತ್ತದೆ. ಅದಕ್ಕೆ ಜಾಲರಿ, ಕೆಳಗೆ ಒಂದು ಗೇಟ್ ವಾಲ್ವ್. ಬಾಲ್ ವಾಲ್ವ್ ಒಂದೇ ತಿರುವಿಗೆ ಜಾಸ್ತಿ ತೆರೆದುಕೊಳ್ಳುತ್ತದೆ. ಗೇಟ್ ವಾಲ್ವ್ ಆದರೆ ಕೂದಲೆಳೆಯಷ್ಟು ಹೊಂದಿಸಬಹುದು. ಕೊಳವೆ ತುಂಬಿ ಹರಿಯುವ ತನಕ ನಿಧಾನವಾಗಿ ತಿರುಗಿಸಿ.

ಎರಡನೆಯದು ಆಪತ್ಕಾಲದ ಕೊಳವೆ. ಅದರ ಬಾಯಿ ಮೇಲೆ, ಆ ಬಾಚಣಿಗೆ ಹಲ್ಲುಗಳಿಗಿಂತ ಸ್ವಲ್ಪ ಕೆಳಗೆ ಇರಲಿ. ಸಾಮಾನ್ಯ ದಿನಗಳಲ್ಲಿ ಅದರೊಳಗೆ ಎಳೆಯಷ್ಟು ನೀರು ಹೋದರೂ ಸರಿ, ಒಣಗಿದ್ದರೂ ಸರಿ. ಮೊದಲನೆಯದು ಕಟ್ಟಿಕೊಂಡಾಗ ಇಡೀ ಪಂಪಿನ ನೀರನ್ನು ಇದೊಂದೇ ಹೊತ್ತು ಇಳಿಸಬೇಕು. ಇದಕ್ಕೆ ಯಾವ ಕಾರಣಕ್ಕೂ ವಾಲ್ವ್ ಹಾಕಿಸಬೇಡಿ. ಪ್ಲಂಬರ್ “ಇರ್ಲಿ ಬಿಡಿ ಅಮ್ಮಾ, ಒಂದು ಹಾಕಿರ್ತೀನಿ” ಅಂದರೂ ಒಪ್ಪಬೇಡಿ.

ಕೆಳಗೆ ಸಂಪಿನಲ್ಲಿ ಮೊದಲನೆಯ ಕೊಳವೆಯ ತುದಿ ನೀರಿನೊಳಗೆ ಎರಡು ಮೂರು ಸೆಂ.ಮೀ. ಮಾತ್ರ ಮುಳುಗಿರಲಿ. ಆಳ ಹೆಚ್ಚಾದರೆ ಒಳಗಿನ ಗಾಳಿ ಹೊರಬೀಳದೆ ಹರಿವು ಸರಿಯಾಗಿ ಶುರುವಾಗುವುದಿಲ್ಲ. ಆಪತ್ಕಾಲದ ಕೊಳವೆಯ ತುದಿ ನೀರಿಗಿಂತ ಮೇಲಿರಲಿ. ಅದರಿಂದ ಜೋರಾಗಿ ಸದ್ದು ಬಂತೆಂದರೆ ಮೊದಲನೆಯದರಲ್ಲಿ ಏನೋ ಸಿಕ್ಕಿಕೊಂಡಿದೆ ಎಂದೇ ಅರ್ಥ. ಕುಕ್ಕರಿನ ಸೀಟಿಯಂತೆ ಅದೇ ನಿಮಗೆ ಎಚ್ಚರಿಕೆ.

ಕರೆಂಟು ಹೋದಾಗ

ನಮ್ಮ ಊರುಗಳಲ್ಲಿ ಕರೆಂಟು ಹೋಗುವುದು, ಬರುವುದು ಹೊಸತಲ್ಲ. ಪಂಪು ನಿಂತೊಡನೆ ಹಲ್ಲುಗಳ ಮಟ್ಟದ ತನಕದ ನೀರೆಲ್ಲ ಕೆಳಗಿಳಿಯುತ್ತದೆ. ಅಷ್ಟೇ ಅಲ್ಲ, ಪಂಪಿನ ಕೊಳವೆಯ ಬಾಯಿ ಆಳದಲ್ಲಿದ್ದರೆ ಆ ದಾರಿಯಿಂದಲೂ ನೀರು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಲೆಕ್ಕ ಹಾಕೋಣ. ತೊಟ್ಟಿ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಎನ್ನಿ. ಒಂದು ಸೆಂ.ಮೀ. ನೀರು ಇಳಿದರೆ 5.4 ಲೀಟರ್. ನಾಲ್ಕು ಸೆಂ.ಮೀ. ಇಳಿದರೆ ಸುಮಾರು 22 ಲೀಟರ್! ಸಂಪು 90 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲವಿದ್ದರೆ ಅಷ್ಟು ನೀರಿಗೆ ಅಲ್ಲಿ ಏಳು ಸೆಂ.ಮೀ. ಏರುತ್ತದೆ. ಪೆಟ್ಟಿಗೆ, ಕೊಳವೆಗಳೊಳಗಿನ ನೀರೂ ಸೇರುವುದರಿಂದ 12 ಸೆಂ.ಮೀ.ಯಾದರೂ ಖಾಲಿ ಜಾಗ ಬಿಡಿ. ಸಂಪನ್ನು ತುಂಬಿ ತುಳುಕಿಸಿದರೆ ಕೆಟ್ಟಿರಿ.

ಪಂಪಿನ ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗಿರಲಿ. ಆಗ ಬೇಗ ಗಾಳಿ ಎಳೆದು ಹಿಂದಿನ ಹರಿವು ನಿಲ್ಲುತ್ತದೆ. ಒಮ್ಮುಖ ವಾಲ್ವ್ ಒಂದನ್ನೇ ನಂಬಬೇಡಿ. ಒಂದು ಬಸವನಹುಳು ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ.

ಕೊಳವೆ ಎರಡೂ ಕಟ್ಟಿಕೊಂಡರೆ?

ಅಪರೂಪ, ಆದರೆ ಅಸಾಧ್ಯವಲ್ಲ. ಆಗ ಪಂಪು ಸಂಪಿನ ನೀರನ್ನು ಮೇಲಕ್ಕೆ ತುಂಬುತ್ತಲೇ ಹೋಗುತ್ತದೆ. ಪಂಪು ಇರುವ ಭಾಗಕ್ಕೆ ಅಡ್ಡಗಾಜು ಹಾಕಿಸಿ, ಅಲ್ಲಿ ಹತ್ತು ಲೀಟರ್ ಮಾತ್ರ ಪಂಪಿಗೆ ಸಿಗುವಂತೆ ಮಾಡಿದರೆ ಮೇಲೆ ಏರುವುದು ಎರಡು ಸೆಂ.ಮೀ.ಗಿಂತ ಕಡಿಮೆ. ತೊಟ್ಟಿಯಲ್ಲಿ ನಾಲ್ಕು ಸೆಂ.ಮೀ. ಖಾಲಿ ಬಿಟ್ಟಿದ್ದರೆ ಒಂದು ಹನಿಯೂ ನೆಲಕ್ಕೆ ಬೀಳದು. ಪಂಪು ಸುಟ್ಟರೂ ಸುಡಬಹುದು, ಮನೆ ಉಳಿಯಿತಲ್ಲ!

ಮರೆಯಬಾರದ ಮಾತುಗಳು

1. ಟಫನ್ಡ್ ಗಾಜಿಗೆ ತೂತು ಕೊರೆಯಲಾಗದು. ಪುಡಿಪುಡಿಯಾಗುತ್ತದೆ. ಕೊಳ್ಳುವಾಗಲೇ ಕೇಳಿ ತಿಳಿಯಿರಿ.

2. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ತೊಟ್ಟಿಯ ಎತ್ತರವೂ 45 ಸೆಂ.ಮೀ. ಇದ್ದರೆ ನೀರೇ 243 ಕಿಲೋ. ಹಳೆಯ ಮೇಜಿನ ಮೇಲೆ ಇಡಬೇಡಿ.

3. ತಂತಿ ಪ್ಲಗ್ಗಿಗಿಂತ ಕೆಳಕ್ಕೆ ಜೋತು ಮತ್ತೆ ಮೇಲೇರಲಿ. ಆಗ ತಂತಿಗುಂಟ ಬಂದ ಹನಿ ಸ್ವಿಚ್ಚಿಗೆ ಹೋಗದೆ ಕೆಳಗೆ ಬೀಳುತ್ತದೆ.

4. ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌.ಸಿ.ಸಿ.ಬಿ. ಹಾಕಿಸಿ. ಪ್ಲಗ್ ಕೀಳದೆ ನೀರಿಗೆ ಕೈ ಹಾಕಕೂಡದು. ನೆಲ ಒದ್ದೆಯಾಗಿದ್ದರೆ ಮೊದಲು ಮೈನ್ ಆಫ್ ಮಾಡಿ, ಆಮೇಲೆ ಬಟ್ಟೆ ಹಿಡಿಯಿರಿ.

5. ವಾರಕ್ಕೊಮ್ಮೆ ಜಾಲರಿ, ಹಲ್ಲುಗಳ ಪಾಚಿ ತೊಳೆಯಿರಿ.

ಅಂಗಳದಲ್ಲೇ ಪರೀಕ್ಷೆ

ಮೀನು ಬಿಡುವ ಮೊದಲು, ಸಾಧ್ಯವಾದರೆ ಅಂಗಳದಲ್ಲೇ, ಬರೀ ನೀರು ತುಂಬಿ ಮೂರು ಪರೀಕ್ಷೆ ಮಾಡಿ. ಪಂಪು ನಿಲ್ಲಿಸಿ, ಸಂಪು ತುಂಬಿ ಚೆಲ್ಲುತ್ತದೆಯೇ ನೋಡಿ. ಮತ್ತೆ ಹಾಕಿ, ಕೊಳವೆ ನಿಮ್ಮ ಕೈ ಸಹಾಯವಿಲ್ಲದೆ ಮೌನಕ್ಕೆ ಮರಳುತ್ತದೆಯೇ ಕೇಳಿ. ಕೊನೆಗೆ ಗೇಟ್ ವಾಲ್ವನ್ನು ಪೂರ್ತಿ ಮುಚ್ಚಿ, ಆಪತ್ಕಾಲದ ಕೊಳವೆ ಒಂಟಿಯಾಗಿ ಭಾರ ಹೊರುತ್ತದೆಯೇ ಪರೀಕ್ಷಿಸಿ. ಮೂರರಲ್ಲೂ ಪಾಸಾದರೆ ತೊಟ್ಟಿಯನ್ನು ನಡುಮನೆಗೆ ಬರಮಾಡಿಕೊಳ್ಳಿ. ಒಂದರಲ್ಲಿ ತಪ್ಪಿದರೂ ಪ್ಲಂಬರನ ಕೈಗೆ ಪೂರ್ತಿ ಹಣ ಕೊಡಬೇಡಿ. ಮೊದಲು ಸರಿಪಡಿಸಲಿ!