ಡಬ್ಬಿಯೊಳಗೆ ಆರು ತಿಂಗಳ ಬಿಸಿಲು

2022ರ ಜೂನ್ ಮೂರನೇ ವಾರ ನಾವು ನಾಲ್ವರು ಗೆಳತಿಯರು ನಮ್ಮ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದೊಂದು ತಗಡಿನ ಡಬ್ಬಿ ಕಟ್ಟಿದೆವು. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಯಲ್ಲಿ ಅವರದು. ಹಿರಿಯೂರು ತಾಲ್ಲೂಕಿನಲ್ಲಿ ನನ್ನದು. ಡಿಸೆಂಬರ್ 21ರವರೆಗೆ ಯಾರೂ ಮುಟ್ಟಬಾರದೆಂದು ಮನೆಯವರಿಗೆ ಹೇಳಿದ್ದೆವು.

ಆ ಡಬ್ಬಿಯೇ ಕ್ಯಾಮೆರಾ. ಪಕ್ಕದಲ್ಲಿ ಸೂಜಿಯ ತೂತು, ಅದರ ಎದುರಿಗೆ ಒಳಗೋಡೆಗೆ ಬಾಗಿಸಿಟ್ಟ ಕಪ್ಪು-ಬಿಳುಪು ಫೋಟೋ ಪೇಪರ್, ಮುಚ್ಚಳಕ್ಕೆ ಕಪ್ಪು ಟೇಪ್. ಲೆನ್ಸ್ ಇಲ್ಲ, ಬಟನ್ ಇಲ್ಲ. ತಿಂಗಳುಗಟ್ಟಲೆ ಬಿದ್ದ ಬಿಸಿಲೇ ಪೇಪರಿನಲ್ಲಿರುವ ಬೆಳ್ಳಿಯ ಲವಣವನ್ನು ಕಪ್ಪಾಗಿಸುತ್ತದೆ. ಪೇಪರನ್ನು ತೊಳೆಯದೆ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳುಪಾಗಿ ತಿರುಗಿಸಿದರೆ ಸೂರ್ಯ ನಡೆದ ದಾರಿಗಳು ಗೆರೆಗಳಾಗಿ ಕಾಣುತ್ತವೆ. ಸ್ಕ್ಯಾನರಿನ ಬೆಳಕೂ ಪೇಪರನ್ನು ಕೆಡಿಸುವುದರಿಂದ ಈ ಕೆಲಸದಲ್ಲಿ ಎರಡನೇ ಅವಕಾಶ ಕಡಿಮೆ. ಇದಕ್ಕೆ ಸೋಲಾರ್‌ಗ್ರಫಿ ಎಂದು ಹೆಸರು.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ರೆಜಿನಾ ವಾಲ್ಕೆನ್‌ಬರ್ಗ್ ಎಂಬ ವಿದ್ಯಾರ್ಥಿನಿ 2012ರಲ್ಲಿ ಇಂಥದೇ ಡಬ್ಬಿ ಕಟ್ಟಿ ಮರೆತುಬಿಟ್ಟಿದ್ದರು. 2020ರಲ್ಲಿ ಬಿಚ್ಚಿದಾಗ ಅದರಲ್ಲಿ 2,953 ಗೆರೆಗಳಿದ್ದವು. ಮರೆವಿನಿಂದಲೂ ಇಷ್ಟು ಲಾಭವಿದೆ!

ಸಣ್ಣ ತೂತಿನ ಈ ಗುಣವನ್ನು ಪ್ರಯೋಗ ಮಾಡಿ ವಿವರಿಸಿದವರಲ್ಲಿ ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ ಪ್ರಮುಖರು. ಸುಮಾರು ಸಾವಿರ ವರ್ಷದ ಹಿಂದೆ, ಗ್ರಹಣದ ಹೊತ್ತಿನಲ್ಲಿ ತೂತಿನಿಂದ ಬಿದ್ದ ಬೆಳಕು ಏಕೆ ಚಂದ್ರನ ಕುಡಿಯಂತೆ ಕಾಣುತ್ತದೆ ಎಂದು ಅವರು ಬರೆದರು. 2019ರ ಡಿಸೆಂಬರ್ 26ರ ಗ್ರಹಣದಂದು ಮರದ ನೆರಳಿನಲ್ಲಿ ಅಂಥ ಕುಡಿಗಳನ್ನು ನೋಡಿದವರು ನಮ್ಮಲ್ಲಿಯೂ ಇರಬಹುದು. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಂತೂ ಒಂದು ಕತ್ತಲೆ ಕೋಣೆಯ ಗೋಡೆಯ ಮೇಲೆ ಗೋಪುರ ತಲೆಕೆಳಗಾಗಿ ಮೂಡುತ್ತದೆ. ಅಲ್ಲಿ ನಾವೇ ಕ್ಯಾಮೆರಾದ ಒಳಗೆ ನಿಂತಿರುತ್ತೇವೆ. ಚಿತ್ರವನ್ನಷ್ಟೇ ತೋರಿಸದೆ ಇಡೀ ಜಾಗವನ್ನೇ ಕಲಾಕೃತಿಯಾಗಿಸುವುದಕ್ಕೆ ಪ್ರತಿಷ್ಠಾಪನಾ ಕಲೆ ಎನ್ನುತ್ತಾರೆ. ಅದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಆ ಕೋಣೆಯಿಂದ.

ನಮ್ಮ ಡಬ್ಬಿಗಳ ಕಥೆ ಹೇಳಿಬಿಡುತ್ತೇನೆ. ಹೊಳಲ್ಕೆರೆಯದನ್ನು ಮಂಗಗಳು ಕಿತ್ತವು. ಹೊಸದುರ್ಗದ್ದು ಗಾಳಿಗೆ ಅಲ್ಲಾಡಿ ಗೆರೆಗಳೆಲ್ಲ ಕಲಸಿಹೋದವು. ಚಿತ್ರದುರ್ಗದ ಗೆಳತಿ ಯುರೋಪಿನವರ ವಿಡಿಯೋ ನೋಡಿ ಡಬ್ಬಿಯನ್ನು ದಕ್ಷಿಣಕ್ಕೆ ತಿರುಗಿಸಿದ್ದಳು. ನಾವಿರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಜೂನ್ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಹಾಗಾಗಿ ಅವಳಿಗೆ ಪೂರ್ತಿ ಕಮಾನುಗಳು ಸಿಕ್ಕಿದ್ದು ನವೆಂಬರ್ ಕೊನೆಯ ನಂತರವೇ. ನಮ್ಮ ಕಡೆ ಪೂರ್ವಕ್ಕೋ ಪಶ್ಚಿಮಕ್ಕೋ ಕಟ್ಟುವುದು ಮೇಲು.

ನನ್ನದು ಪೂರ್ವಕ್ಕಿತ್ತು. ಸೂರ್ಯ ಹುಟ್ಟುವ ಜಾಗ ಜೂನ್‌ನಿಂದ ಡಿಸೆಂಬರ್‌ಗೆ ಸುಮಾರು 48 ಡಿಗ್ರಿ ದಕ್ಷಿಣಕ್ಕೆ ಸರಿಯುತ್ತದೆ. ಆದ್ದರಿಂದ ನನ್ನ ಚಿತ್ರದಲ್ಲಿ ಎಡತುದಿ ಜೂನ್, ಬಲತುದಿ ಡಿಸೆಂಬರ್. ಒಂದೊಂದು ಗೆರೆ ಒಂದೊಂದು ಬೆಳಗು. ಮಗ್ರಿಬ್ ವೇಳೆ ವರ್ಷದಲ್ಲಿ ಸುಮಾರು ಒಂದು ಗಂಟೆ ಹಿಂದುಮುಂದಾಗುವುದಕ್ಕೂ ಸೂರ್ಯನ ಈ ಸರಿದಾಟವೇ ಮುಖ್ಯ ಕಾರಣ. ಪಕ್ಕದ ಮನೆ, ಬೇವಿನ ಮರ, ಲೈಟ್ ಕಂಬ ಮೂಡಿದ್ದವು. ದಿನವೂ ಅದೇ ಬೀದಿಯಲ್ಲಿ ಓಡಾಡಿದ ಒಬ್ಬ ಮನುಷ್ಯನೂ ಮೂಡಿರಲಿಲ್ಲ, ಏಕೆಂದರೆ ಯಾರೂ ಪೇಪರಿಗೆ ಸಾಕಾಗುವಷ್ಟು ಹೊತ್ತು ನಿಲ್ಲುವುದಿಲ್ಲ.

ನಡುವೆ ಅಲ್ಲಲ್ಲಿ ಗೆರೆಗಳೇ ಇರಲಿಲ್ಲ. ಅವು ಮೋಡದ ದಿನಗಳು. ಮೋಡ ಬಂದು ಮಳೆ ಬಾರದೆ ಹೋಗುವುದು ನಮ್ಮೂರಿಗೆ ಹೊಸದಲ್ಲ. ಆ ವರ್ಷ ಮಾತ್ರ ಹಾಗಾಗಲಿಲ್ಲ. 1933ರ ನಂತರ ಮೊದಲ ಸಲ ಮಾರಿಕಣಿವೆಯ ವಾಣಿವಿಲಾಸ ಸಾಗರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು. ಜನ ಗಾಡಿ ಮಾಡಿಕೊಂಡು ನೋಡಲು ಹೋದರು, ನಾವೂ ಹೋಗಿದ್ದೆವು.

ಪ್ರಿಂಟ್ ಹಾಕಿಸಿ ಮನೆಗೆ ಒಯ್ದಾಗ ಅಮ್ಮಿ "ನೀಲಿ ಚೆನ್ನಾಗಿದೆ" ಎಂದರು. ಅಬ್ಬಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಗೆರೆ ಹೇಗೆ ಓದಬೇಕೆಂದು ಹೇಳಿಕೊಟ್ಟೆ. ಮಧ್ಯದ ದೊಡ್ಡ ಖಾಲಿ ಪಟ್ಟಿಯ ಮೇಲೆ ಬೆರಳಿಟ್ಟು, "ನಮ್ಮ ಈರುಳ್ಳಿ ಕೊಳೆತದ್ದು ಇಲ್ಲಿ" ಎಂದರು. ಎರಡು ಎಕರೆ. ಆ ಸಲ ನನ್ನ ಹಾಸ್ಟೆಲ್ ಫೀಸನ್ನು ಮಾಮು ಕಟ್ಟಿದ್ದರು.

ಆ ಪ್ರಿಂಟ್ ಈಗ ಲೈಬ್ರರಿಯ ಹೊರಗೋಡೆಯಲ್ಲಿದೆ, ಕೆಳಗೆ ಡಬ್ಬಿಯನ್ನೂ ಇಟ್ಟಿದ್ದೇವೆ. ಕೈಗೆತ್ತಿಕೊಂಡು ನೋಡಬಹುದು. ತೂತಿಗೆ ಪೆನ್ನು ಮಾತ್ರ ತುರುಕಬೇಡಿ.